ಗುಡ್ಡದ ಮೇಲಿನ ಗುಂಡಿಗೆ ರಸ್ತೆ ನೀರು ಬಿಡಬಹುದಾ? ಕೆಳಗೆ ನಮ್ಮ ಕುಡಿಯುವ ನೀರಿನ ಒರತೆ ಇದೆ

ಒರತೆಬದಿ (ಚರ್ಚೆ ಶುರು ಮಾಡಿದವರು)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವಿರುವುದು ಸುಣ್ಣಕಲ್ಲಿನ ಜಾಗ. ಗುಡ್ಡದ ಬುಡದಲ್ಲಿ ಒಂದು ಒರತೆ ಇದೆ, ಸುಮಾರು ನಲವತ್ತು ಮನೆಗೆ ಅದೇ ಕುಡಿಯುವ ನೀರು. ಮೇಲೆ ಒಂದೂವರೆ ಕಿಲೋಮೀಟರ್ ದೂರದಲ್ಲಿ ನೆಲ ಬೋಗುಣಿಯ ಹಾಗೆ ತಗ್ಗಾಗಿದೆ. ತಳದಲ್ಲಿ ಒಬ್ಬರು ಬಗ್ಗಿ ನುಸುಳುವಷ್ಟು ಬಿಲ. ಮಳೆ ಜೋರಾದರೆ ಸುತ್ತಲಿನ ನೀರೆಲ್ಲ ಗುಳುಗುಳು ಎಂದು ಅದರೊಳಗೆ ಹೋಗಿ ಕಾಣೆಯಾಗುತ್ತದೆ. ನಾವು ಅದನ್ನು ನುಂಗುಗುಂಡಿ ಅಂತಲೇ ಕರೆಯುವುದು. ಕೆಲವರು ಅಲ್ಲಿಗೆ ಕಸವನ್ನೂ ತಂದು ಸುರಿಯುತ್ತಾರೆ.

ಈಗ ಹೊಸ ರಸ್ತೆಯ ಚರಂಡಿ ನೀರನ್ನು ಪೈಪ್ ಹಾಕಿ ಆ ಗುಂಡಿಗೇ ಬಿಡೋಣ, ಅಂತರ್ಜಲ ಏರುತ್ತದೆ ಎಂದು ನಮ್ಮ ನೀರಿನ ಸಮಿತಿಯಲ್ಲಿ ಮಾತಾಗಿದೆ. ನನಗೆ ಭಯ. ಹೋದ ಮಳೆಗಾಲದಲ್ಲಿ ಒಂದು ದೊಡ್ಡ ಮಳೆ ಬಿದ್ದ ಮಾರನೇ ದಿನ ಬೆಳಿಗ್ಗೆ ಒರತೆ ಚಹಾ ಬಣ್ಣಕ್ಕೆ ತಿರುಗಿತ್ತು. ಆ ವಾರ ನಾಲ್ಕು ಮನೆ ಮಕ್ಕಳಿಗೆ ವಾಂತಿ ಭೇದಿ. ಎರಡಕ್ಕೂ ಸಂಬಂಧ ಇದೆಯಾ?

ಇನ್ನೊಂದು. ನಮ್ಮಲ್ಲಿ ಒಂದು ಬೋರ್‌ವೆಲ್ ತುಂಬಾ ನೀರು ಕೊಡುತ್ತದೆ. ಅದರಿಂದ ಮೂವತ್ತೇ ಅಡಿ ದೂರದಲ್ಲಿ ಅಷ್ಟೇ ಆಳಕ್ಕೆ ಕೊರೆಸಿದ್ದು ಒಣ. ಇದು ಹೇಗೆ ಸಾಧ್ಯ?

ಮಳೆಕೊಯ್ಲು
ಗುಂಡಿಗೆ ನೀರು ಬಿಟ್ಟರೆ ತಪ್ಪೇನು? ಎಲ್ಲ ಕಡೆ ದುಡ್ಡು ಖರ್ಚು ಮಾಡಿ ಇಂಗುಗುಂಡಿ ತೋಡಿಸುತ್ತಾರೆ. ನಿಮಗೆ ನೆಲವೇ ತೋಡಿ ಕೊಟ್ಟಿದೆ. ಕಸ ತೆಗೆಸಿ, ಪೈಪ್ ಹಾಕಿ. ಸಮಿತಿಯವರು ಸರಿಯಾಗೇ ಯೋಚಿಸಿದ್ದಾರೆ.

ಗುಹೆದಾರಿ
ಮಳೆಕೊಯ್ಲು ಅವರೇ, ಬೇರೆ ಕಡೆ ನಿಮ್ಮ ಮಾತು ಸರಿ. ಇಲ್ಲಿ ಅಲ್ಲ. ನಾನು ಹದಿನೈದು ವರ್ಷದಿಂದ ಇಂಥ ಜಾಗಗಳಲ್ಲಿ ಗುಹೆ ಅಳೆಯುವ ತಂಡದಲ್ಲಿದ್ದೇನೆ. ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ.

ಮರಳು, ಜಲ್ಲಿ ಇರುವ ನೆಲದಲ್ಲಿ ನೀರು ಕಾಳುಗಳ ಸಂದಿಯಲ್ಲಿ ನಿಧಾನವಾಗಿ ಜಿನುಗುತ್ತದೆ. ದಿನಕ್ಕೆ ಕೆಲವು ಸೆಂಟಿಮೀಟರ್, ಜಾಸ್ತಿ ಅಂದರೆ ಕೆಲವು ಮೀಟರ್. ಆ ದಾರಿಯಲ್ಲೇ ಸೋಸಿಕೊಳ್ಳುತ್ತದೆ. ಸುಣ್ಣಕಲ್ಲಿನ ಕಥೆ ಬೇರೆ. ಮಳೆನೀರು ಗಾಳಿಯಿಂದ, ಅದಕ್ಕಿಂತ ಜಾಸ್ತಿ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ನೀರು ಬಂಡೆಯ ಕೂದಲೆಳೆ ಬಿರುಕನ್ನು ಕರಗಿಸುತ್ತಾ ಹೋಗುತ್ತದೆ. ಅಗಲವಾದ ಬಿರುಕಿಗೆ ಇನ್ನೂ ಜಾಸ್ತಿ ನೀರು ಸೇರುತ್ತದೆ, ಜಾಸ್ತಿ ನೀರು ಸೇರಿದ ಕಡೆ ಇನ್ನೂ ಬೇಗ ಕರಗುತ್ತದೆ. ಸಾವಿರಾರು ವರ್ಷ ಹೀಗೇ ನಡೆದರೆ ಒಳಗೆ ಸುರಂಗಗಳ ಜಾಲವೇ ಆಗುತ್ತದೆ. ಇಂಥ ನೆಲಕ್ಕೆ ಕಾರ್ಸ್ಟ್ ಎನ್ನುತ್ತಾರೆ. ಸ್ಲೊವೇನಿಯಾ ಮತ್ತು ಇಟಲಿಯ ಗಡಿಯಲ್ಲಿರುವ ಕ್ರಾಸ್ ಎಂಬ ಪ್ರಸ್ಥಭೂಮಿಯಿಂದ ಬಂದ ಹೆಸರು.

ಆ ಸುರಂಗದಲ್ಲಿ ನೀರು ಸೋಸುವುದಿಲ್ಲ, ಓಡುತ್ತದೆ. ದಿನಕ್ಕೆ ನೂರಾರು ಮೀಟರ್, ಕೆಲವು ಕಡೆ ಕಿಲೋಮೀಟರ್‌ಗಟ್ಟಲೆ. ಒಂದು ಗುಹೆಯ ಒಳಗೆ, ನೆಲದಿಂದ ತುಂಬಾ ಆಳದಲ್ಲಿ, ನನ್ನ ತಲೆಗಿಂತ ಎತ್ತರದ ಗೋಡೆಯ ಸಂದಿಯಲ್ಲಿ ಒಂದು ಪ್ಲಾಸ್ಟಿಕ್ ಚಪ್ಪಲಿ ಸಿಕ್ಕಿಕೊಂಡಿದ್ದನ್ನು ನೋಡಿದ್ದೇನೆ. ಪುಟ್ಟ ಮಗುವಿನ ಚಪ್ಪಲಿ. ಪ್ರವಾಹದ ನೀರು ಅಷ್ಟು ಎತ್ತರಕ್ಕೆ ಏರಿ ಅದನ್ನು ಅಲ್ಲಿ ಬಿಟ್ಟು ಹೋಗಿತ್ತು. ಚಪ್ಪಲಿಯೇ ಹೋಗುವ ದಾರಿಯಲ್ಲಿ ರೋಗಾಣು ಎಲ್ಲಿ ನಿಲ್ಲುತ್ತದೆ ಹೇಳಿ?

ಒರತೆಬದಿ ಅವರೇ, ನಿಮ್ಮ ಎರಡು ಬೋರ್ ಪ್ರಶ್ನೆಗೂ ಇದೇ ಉತ್ತರ. ಒಂದು ಸುರಂಗಕ್ಕೋ ದೊಡ್ಡ ಬಿರುಕಿಗೋ ತಾಗಿದೆ, ಇನ್ನೊಂದು ಗಟ್ಟಿ ಬಂಡೆಯಲ್ಲೇ ನಿಂತಿದೆ.

ಬೋರ್‌ಲಾರಿ
ಗುಹೆದಾರಿ ಹೇಳಿದ್ದು ನೂರಕ್ಕೆ ನೂರು ನಿಜ. ಇಪ್ಪತ್ತು ವರ್ಷ ಬೋರ್ ಕೊರೆದಿದ್ದೇನೆ. ಸುಣ್ಣಕಲ್ಲಲ್ಲಿ ಗಟ್ಟಿಯಾಗಿ ಕೊರೀತಾ ಇರುವಾಗ ಇದ್ದಕ್ಕಿದ್ದಂತೆ ರಾಡ್ ಎರಡು ಮೂರು ಅಡಿ ಸುಮ್ನೆ ಜಾರಿಬಿಡುತ್ತದೆ. ಶಬ್ದವೇ ಬದಲಾಗುತ್ತದೆ. ಕಂಪ್ರೆಸರ್ ಗಾಳಿ ಮೇಲೆ ಬರುವುದೇ ನಿಂತುಹೋಗುತ್ತದೆ. ಒಂದು ಸಲ ಹೀಗಾದಾಗ ಪಕ್ಕದ ಹೊಲದ ಹಳೇ ಬಾವಿಯಲ್ಲಿ ನೀರು ಕುದಿಯುವ ಹಾಗೆ ಗುಳ್ಳೆ ಎದ್ದವು. ಅಲ್ಲಿದ್ದವರು ಹೆದರಿ ಓಡಿ ಬಂದರು. ಎರಡಕ್ಕೂ ನಡುವೆ ಇನ್ನೂರು ಅಡಿ ಇತ್ತು.

ಹಾಗೆ ಜಾರಿದರೆ ನೀರು ಸಿಕ್ಕಿತು ಅಂತ ಎಲ್ಲರಿಗೂ ಖುಷಿ. ಆದರೆ ಮೇಲಿನ ಮಣ್ಣಿನ ಭಾಗಕ್ಕೆ ಕೇಸಿಂಗ್ ಇಳಿಸಿ, ಸುತ್ತ ಸಿಮೆಂಟ್ ತುಂಬದೆ ಬಿಟ್ಟರೆ ಮೇಲಿನ ಕೊಳೆ ನೀರು ಕೇಸಿಂಗ್ ಪಕ್ಕದಿಂದಲೇ ಇಳಿಯುತ್ತದೆ. ಖರ್ಚು ಉಳಿಸಲು ಜನ ಬಿಡುವುದು ಅದನ್ನೇ.

ಸುಣ್ಣದಗೂಡು
ಒಂದು ಮಾತು. ಸುಣ್ಣ ರೋಗಾಣು ಕೊಲ್ಲುತ್ತದೆ ಅಲ್ವಾ? ಬಾವಿಗೆ ಸುಣ್ಣ ಹಾಕುವುದೂ ಅದಕ್ಕೇ ತಾನೇ. ಸುಣ್ಣಕಲ್ಲಿನ ಮೂಲಕ ಬಂದ ನೀರು ತಾನಾಗಿ ಶುದ್ಧವಾಗಬೇಕಲ್ಲ.

ತಿಳಿನೀರು
ಇಲ್ಲ. ಹೆಸರು ಒಂದೇ, ವಸ್ತು ಬೇರೆ. ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಈ ಮಾತನ್ನು ತಿಂಗಳಿಗೊಮ್ಮೆ ಕೇಳುತ್ತೇನೆ. ಗೂಡಿನಲ್ಲಿ ಸುಟ್ಟ ಮೇಲೆ ಬರುವುದು ಕ್ಯಾಲ್ಸಿಯಂ ಆಕ್ಸೈಡ್, ನೀರು ಹಾಕಿದರೆ ಕುದಿಯುತ್ತದೆ, ಕೈ ಸುಡುತ್ತದೆ. ಅದು ತುಂಬಾ ತೀಕ್ಷ್ಣ ಕ್ಷಾರ, ಹಾಗಾಗಿ ರೋಗಾಣು ಸಾಯುತ್ತವೆ. ಸುಡದ ಸುಣ್ಣಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆ ಚಿಪ್ಪೂ ಅದೇ ಜಾತಿ. ಅದು ನೀರನ್ನು ಗಡುಸು ಮಾಡುತ್ತದೆ, ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟಿಸುತ್ತದೆ. ರೋಗಾಣುವಿಗೆ ಏನೂ ಮಾಡುವುದಿಲ್ಲ.

ಸುಣ್ಣದಗೂಡು
ಇಷ್ಟು ದಿನ ತಪ್ಪು ತಿಳಿದಿದ್ದೆ. ಮನೆಯಲ್ಲೂ ಹೇಳುತ್ತೇನೆ.

ದೊಡ್ಡಕೊಡ
ಕುದಿಸಿ ಕುಡಿದರೆ ಸಾಕಲ್ಲ?

ತಿಳಿನೀರು
ರೋಗಾಣುವಿಗೆ ಸಾಕು, ಮಳೆಗಾಲದಲ್ಲಿ ಕುದಿಸಲೇಬೇಕು. ಆದರೆ ಡೀಸೆಲ್, ಕೀಟನಾಶಕ ಬಂದಿದ್ದರೆ ಕುದಿಸಿದರೆ ಹೋಯಿತು ಅಂತ ನಂಬಿ ಕೂರುವ ಹಾಗಿಲ್ಲ. ಗೊಬ್ಬರದ ನೈಟ್ರೇಟ್ ಅಂತೂ ನೀರು ಕುದಿದು ಕಡಿಮೆಯಾದಷ್ಟೂ ಗಟ್ಟಿಯಾಗುತ್ತದೆ. ರಸ್ತೆ ನೀರಿನಲ್ಲಿ ಬರುವುದೇ ಎಣ್ಣೆ, ಟೈರ್ ಪುಡಿ. ಹಾಗಾಗಿ ಪೈಪ್ ಹಾಕುವ ಯೋಚನೆ ನನಗೆ ಒಪ್ಪಿಗೆಯಿಲ್ಲ.

ಮಳೆಕೊಯ್ಲು
ಸರಿ, ಗುಣದ ಮಾತು ಒಪ್ಪಿದೆ. ಪ್ರಮಾಣದ ಮಾತು? ಬೇಸಿಗೆಯಲ್ಲಿ ಒರತೆ ಬತ್ತಿದರೆ ಏನು ಮಾಡುತ್ತಾರೆ? ಮಳೆ ನೀರು ಹೇಗೂ ಆ ಗುಂಡಿಗೆ ಹೋಗುತ್ತಿದೆ. ಇನ್ನಷ್ಟು ಹೋದರೆ ಅಂತರ್ಜಲ ಏರಲೇಬೇಕಲ್ಲ. ರಸ್ತೆ ನೀರನ್ನು ಒಂದು ತೊಟ್ಟಿಯಲ್ಲಿ ನಿಲ್ಲಿಸಿ, ಮರಳಲ್ಲಿ ಸೋಸಿ ಬಿಟ್ಟರೆ? ಬರೀ ಬೇಡ ಎನ್ನುವುದು ಸುಲಭ.

ಗುಹೆದಾರಿ
ಒಳ್ಳೇ ಪ್ರಶ್ನೆ. ಸೋಸಿ ಬಿಡುವುದು ಸೋಸದೆ ಬಿಡುವುದಕ್ಕಿಂತ ಎಷ್ಟೋ ವಾಸಿ, ಒಪ್ಪುತ್ತೇನೆ. ಆದರೆ ಪ್ರಮಾಣದ ಲೆಕ್ಕದಲ್ಲಿ ಒಂದು ತೊಡಕಿದೆ.

ಕಾರ್ಸ್ಟಿನಲ್ಲಿ ನೀರು ಓಡುವ ಜಾಗ ಬೇರೆ, ಕೂಡಿಡುವ ಜಾಗ ಬೇರೆ. ಓಡುವುದು ಸುರಂಗದಲ್ಲಿ. ಕೂಡಿಡುವುದು ಸಣ್ಣ ಬಿರುಕುಗಳಲ್ಲಿ, ಬಂಡೆಯ ರಂಧ್ರಗಳಲ್ಲಿ, ಮಣ್ಣಿನ ಕೆಳಗೇ ಇರುವ ಶಿಥಿಲ ಬಂಡೆಯ ಪದರದಲ್ಲಿ. ಬೇಸಿಗೆಯಲ್ಲಿ ನಿಮ್ಮ ಒರತೆ ಹರಿಯುವುದು ಈ ಎರಡನೆಯದರಿಂದ. ನುಂಗುಗುಂಡಿಗೆ ಬಿಟ್ಟ ನೀರು ನೇರ ಸುರಂಗಕ್ಕೆ ಬಿದ್ದು ಒಂದೆರಡು ದಿನದಲ್ಲಿ ಒರತೆಯಿಂದ ಆಚೆ ಬರುತ್ತದೆ. ಸ್ವಲ್ಪ ಪಕ್ಕದ ಬಿರುಕುಗಳಿಗೆ ಸೇರಬಹುದು, ಅಷ್ಟೇ. ಅದು ಇಂಗಿಸಿದ್ದಲ್ಲ, ಸಾಗಿಸಿದ್ದು.

ನಿಜವಾಗಿ ಇಂಗಿಸಬೇಕಾದರೆ ಇಡೀ ಇಳಿಜಾರಿನಲ್ಲಿ ಮಣ್ಣು ಉಳಿಯಬೇಕು, ಹುಲ್ಲು, ಪೊದೆ, ಮರ ಬೇಕು. ನೀರು ಹನಿಹನಿಯಾಗಿ ಎಲ್ಲ ಕಡೆ ಇಳಿಯಬೇಕು. ಒಂದೇ ತೂತಿಗೆ ಸುರಿಯುವುದಲ್ಲ.

ಇನ್ನೂ ಒಂದು ಭಯ ಇದೆ, ಕುಸಿತ. ಮಣ್ಣಿನ ಕೆಳಗೆ ಬಂಡೆಯ ಬಾಯಿ ತೆರೆದಿದ್ದರೆ ಸುರಿಯುವ ನೀರು ಮಣ್ಣನ್ನು ಒಳಗಿನಿಂದ ಕೊರೆದು ತೆಗೆಯುತ್ತದೆ. ಮೇಲೆ ಹುಲ್ಲು ಹಸಿರಾಗಿಯೇ ಇರುತ್ತದೆ, ಕೆಳಗೆ ಟೊಳ್ಳು. ಒಂದು ದಿನ ಧೊಪ್ಪೆಂದು ಬೀಳುತ್ತದೆ.

ಹನಿಹನಿ
ನೀರು ಜಾಸ್ತಿ ಎತ್ತಿದರೂ ಕುಸಿಯುತ್ತದೆ, ಇದನ್ನೂ ಸೇರಿಸಿ. ಅಮೆರಿಕದ ಫ್ಲಾರಿಡಾದಲ್ಲಿ 2010ರ ಜನವರಿಯಲ್ಲಿ 11 ದಿನ ಹಿಮ ಕಟ್ಟುವ ಚಳಿ ಬಿತ್ತು. ಸ್ಟ್ರಾಬೆರಿ ಬೆಳೆ ಉಳಿಸಲು ರೈತರು ರಾತ್ರಿಯಿಡೀ ಪಂಪ್ ಓಡಿಸಿ ಗಿಡಗಳಿಗೆ ನೀರು ಚಿಮುಕಿಸಿದರು. ಅಂತರ್ಜಲ 60 ಅಡಿ ಕೆಳಗೆ ಹೋಯಿತು. ನೂರಾರು ಮನೆಗಳ ಬಾವಿ ಬತ್ತಿದವು, ಸುಮಾರು 140 ಕಡೆ ನೆಲ ಬಾಯಿಬಿಟ್ಟಿತು. ಟೊಳ್ಳನ್ನು ಒಳಗಿನ ನೀರೇ ಎತ್ತಿ ಹಿಡಿದಿರುತ್ತದೆ. ಆ ಆಸರೆ ತೆಗೆದರೆ ಮೇಲಿನ ಮಣ್ಣು ತನ್ನ ಭಾರಕ್ಕೇ ಬೀಳುತ್ತದೆ.

ಮೋಡಮುಸುಕು
ವಿಷಯ ಸ್ವಲ್ಪ ಬೇರೆ ಕಡೆ ಹೋಗುತ್ತೆ, ಆದರೂ ಹೇಳಬೇಕು ಅನ್ನಿಸಿತು. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿ ಇಮೆಂಡಿಂಗೆನ್ ಹತ್ತಿರ ತನ್ನ ಪಾತ್ರದಲ್ಲೇ ಬಿಲಗಳಿಗೆ ಇಳಿದುಬಿಡುತ್ತದೆ. ಬೇಸಿಗೆಯಲ್ಲಿ ಎಷ್ಟೋ ದಿನ ಅಲ್ಲಿ ನದಿಯೇ ಇರುವುದಿಲ್ಲ, ಬರೀ ಕಲ್ಲು. ಸುಮಾರು 12 ಕಿಲೋಮೀಟರ್ ದೂರದಲ್ಲಿ ಆಖ್ ಎಂಬಲ್ಲಿ ಒಂದು ದೊಡ್ಡ ಬುಗ್ಗೆ. ಈ ನೀರು ಅದೇ ನೀರಾ ಅಂತ ಎರಡು ಕಡೆಯವರಿಗೂ ಜಗಳ, ಯಾಕೆಂದರೆ ಎರಡು ಕಡೆಯೂ ನೀರು ನಂಬಿದ ಗಿರಣಿಗಳಿದ್ದವು. 1877ರಲ್ಲಿ ಅಡಾಲ್ಫ್ ಕ್ನೋಪ್ ಎಂಬ ಭೂವಿಜ್ಞಾನಿ ಬಿಲಕ್ಕೆ 10 ಕೆಜಿ ಫ್ಲೋರೆಸೀನ್ ಬಣ್ಣ, ಜೊತೆಗೆ ಟನ್‌ಗಟ್ಟಲೆ ಉಪ್ಪು, ಎಣ್ಣೆ ಸುರಿಸಿದರು. ಸುಮಾರು 60 ಗಂಟೆಯ ನಂತರ ಬುಗ್ಗೆ ಹಸಿರಾಗಿ ಹೊಳೆಯಿತು. ನೀರು ಉಪ್ಪಾಗಿತ್ತು, ಎಣ್ಣೆಯ ವಾಸನೆಯೂ ಇತ್ತು.

ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ನೆಲದೊಳಗೆ ದಾರಿ ಬದಲಿಸಿ ರೈನ್ ನದಿ ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತಿದೆ! ಗುಡ್ಡದ ಮೇಲೆ ನಿಂತು ನೀರು ಈ ಕಡೆ ಇಳಿಯುತ್ತದೆ ಅಂತ ಬೆರಳು ತೋರಿಸಿದರೆ ಕಾರ್ಸ್ಟಿನಲ್ಲಿ ಅದು ಸುಳ್ಳಾಗಬಹುದು. ಹಾಗಾಗಿ ಒರತೆಬದಿ ಅವರೇ, ನಿಮ್ಮ ಗುಂಡಿಯ ನೀರು ನಿಮ್ಮ ಒರತೆಗೇ ಬರುತ್ತದೆ ಎಂದು ಈಗಲೇ ಗಟ್ಟಿಯಾಗಿ ಹೇಳುವ ಹಾಗಿಲ್ಲ. ಪಕ್ಕದ ಕಣಿವೆಗೂ ಹೋಗುತ್ತಿರಬಹುದು.

ಒರತೆಬದಿ
ಇದು ನನಗೆ ಹೊಳೆದೇ ಇರಲಿಲ್ಲ. ಆ ಕಡೆ ಕಣಿವೆಯಲ್ಲೂ ಎರಡು ಒರತೆ ಇವೆ. ಹಾಗಾದರೆ ನಾವೂ ಬಣ್ಣ ಬಿಟ್ಟು ನೋಡಬಹುದಾ?

ತಿಳಿನೀರು
ನೋಡಬಹುದು. ಸುಮ್ನೆ ಅಂಗಡಿಯಿಂದ ಬಣ್ಣ ತಂದು ಸುರಿಯಬೇಡಿ. ಗೊತ್ತಿರುವವರ ಜೊತೆ, ನೀರಿನ ಇಲಾಖೆಗೆ ತಿಳಿಸಿ, ಎಲ್ಲ ಒರತೆಗಳ ಬಳಕೆದಾರರಿಗೂ ಮೊದಲೇ ಹೇಳಿ ಮಾಡಬೇಕು. ಇಲ್ಲದಿದ್ದರೆ ನಲ್ಲಿಯಲ್ಲಿ ಹಸಿರು ನೀರು ಕಂಡು ಜನ ಗಾಬರಿಯಾಗುತ್ತಾರೆ. ಫ್ಲೋರೆಸೀನನ್ನು ಕಣ್ಣಿಗೆ ಕಾಣದಷ್ಟು ಕಡಿಮೆ ಇದ್ದರೂ ಯಂತ್ರ ಹಿಡಿಯುತ್ತದೆ, ಆದ್ದರಿಂದ ಸ್ವಲ್ಪವೇ ಸಾಕು. ಎಷ್ಟು ಅನ್ನುವುದನ್ನು ಒರತೆಯ ಹರಿವು, ದೂರ ನೋಡಿ ಲೆಕ್ಕ ಹಾಕುತ್ತಾರೆ.

ಇದ್ದಿಲು ಪೊಟ್ಟಣದ ವಿಧಾನ ಹೇಳುತ್ತೇನೆ. ಸೊಳ್ಳೆ ಪರದೆಯಂಥ ಬಲೆಯಲ್ಲಿ ಒಂದೆರಡು ಚಮಚ ಆಕ್ಟಿವೇಟೆಡ್ ಇದ್ದಿಲು ಕಟ್ಟಿ, ಪ್ರತಿ ಒರತೆಯಲ್ಲೂ ನೀರು ಹರಿಯುವ ಕಡೆ ತಂತಿಯಿಂದ ಕಲ್ಲಿಗೆ ಬಿಗಿದು ಮುಳುಗಿಸಿ. ಬಣ್ಣ ಹಾಯುವಾಗ ಇದ್ದಿಲು ಅದನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿ ಎರಡು ಗಂಟೆಗೆ ಬಣ್ಣ ಹಾದುಹೋದರೂ ಪರವಾಗಿಲ್ಲ, ಇದ್ದಿಲು ಕಾಯುತ್ತಿರುತ್ತದೆ. ಬಣ್ಣ ಬಿಡುವ ಮೊದಲೇ ಒಂದು ಸುತ್ತು ಪೊಟ್ಟಣ ಇಟ್ಟು ತೆಗೆಯಿರಿ. ನೀರಿನಲ್ಲಿ ಮೊದಲೇ ಹೊಳೆಯುವಂಥದ್ದು ಏನಾದರೂ ಇದೆಯಾ ಅಂತ ತಿಳಿಯಬೇಕು, ಬಟ್ಟೆ ಸೋಪಿನಲ್ಲೂ ಅಂಥ ಪದಾರ್ಥ ಇರುತ್ತದೆ.

ಎಲ್ಲಕ್ಕಿಂತ ಮುಖ್ಯ: ಬಣ್ಣ ಮುಟ್ಟಿದವರು ಪೊಟ್ಟಣ ಮುಟ್ಟಲೇಬಾರದು. ನಮ್ಮದೇ ಒಂದು ಪರೀಕ್ಷೆಯಲ್ಲಿ ಎಲ್ಲ ಒರತೆಯಲ್ಲೂ ಬಣ್ಣ ಸಿಕ್ಕಿತು. ಸಂಭ್ರಮಪಟ್ಟೆವು. ಆಮೇಲೆ ನೋಡಿದರೆ ಬಣ್ಣದ ಡಬ್ಬಿ ಇಟ್ಟಿದ್ದ ಚೀಲದಲ್ಲೇ ಯಾರೋ ಪೊಟ್ಟಣ ತಂದಿದ್ದರು. ಎರಡು ತಿಂಗಳ ಕೆಲಸ ಹೋಯಿತು.

ಹನಿಹನಿ
ಬಣ್ಣಕ್ಕೆ ಮೊದಲು ಮಾಡಬಹುದಾದ ಕೆಲಸ ಒಂದಿದೆ. ನೀರಿನ ವಿದ್ಯುತ್ ವಾಹಕತೆ ಅಳೆಯುವ ಪೆನ್ನಿನಂಥ ಮೀಟರ್ ತನ್ನಿ. ಬಂಡೆಯೊಳಗೆ ಬಹಳ ದಿನ ಕೂತ ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಕರಗಿರುತ್ತದೆ, ಅಂಕಿ ದೊಡ್ಡದು. ಹೊಸ ಮಳೆನೀರಿಗೆ ಅಂಕಿ ಚಿಕ್ಕದು. ದೊಡ್ಡ ಮಳೆ ಬಂದ ದಿನ ಗಂಟೆಗೊಮ್ಮೆ ಹರಿವು, ಬಣ್ಣ, ವಾಹಕತೆ ಮೂರನ್ನೂ ಬರೆದಿಡಿ. ಒಂದು ವಿಚಿತ್ರ ಕಾಣುತ್ತದೆ. ಮೊದಲು ಹರಿವು ಏರುತ್ತದೆ, ವಾಹಕತೆ ಅಲುಗುವುದಿಲ್ಲ. ಅಂದರೆ ಹಿಂದಿನಿಂದ ಹೊಸ ನೀರು ತಳ್ಳಿದ್ದಕ್ಕೆ ಸುರಂಗದಲ್ಲಿದ್ದ ಹಳೇ ನೀರು ಹೊರಬರುತ್ತಿದೆ. ಕೆಲವು ಗಂಟೆ ಬಿಟ್ಟು ವಾಹಕತೆ ಇಳಿದರೆ ಆಗ ಬಂದಿರುವುದು ಹೊಸ ಮಳೆನೀರು. ಅಪಾಯದ ನೀರು ಅದು.

ದೊಡ್ಡಕೊಡ
ಸೆಪ್ಟಿಕ್ ಟ್ಯಾಂಕ್, ದನದ ಕೊಟ್ಟಿಗೆ ಇವನ್ನೆಲ್ಲ ಒರತೆಯಿಂದ ಇಷ್ಟು ದೂರ ಇಟ್ಟರೆ ಸಾಕು ಅಂತ ನಿಯಮ ಇರುತ್ತದಲ್ಲ? ಅದನ್ನು ಪಾಲಿಸಿದರೆ ಮುಗೀತು. ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ?

ಗುಹೆದಾರಿ
ಆ ನಿಯಮಗಳು ಹೆಚ್ಚಾಗಿ ಮರಳು ನೆಲ ನೋಡಿ ಮಾಡಿದವು. ಜರ್ಮನಿಯಲ್ಲಿ ಬಾವಿಗೆ ನೀರು ಬಂದು ಸೇರಲು 50 ದಿನ ಬೇಕಾಗುವ ಗೆರೆಯ ಒಳಗೆಲ್ಲ ಬಿಗಿ ಕಾವಲು. ಅಷ್ಟು ದಿನದಲ್ಲಿ ಹೆಚ್ಚಿನ ರೋಗಾಣು ಸಾಯುತ್ತವೆ ಎಂಬ ಲೆಕ್ಕ. ಕಾರ್ಸ್ಟಿನಲ್ಲಿ 50 ದಿನದ ಗೆರೆ ಎಳೆದರೆ ಎಷ್ಟೋ ಸಲ ಇಡೀ ಜಲಾನಯನವೇ ಅದರೊಳಗೆ ಬರುತ್ತದೆ.

ಕೆನಡಾದ ವಾಕರ್ಟನ್ ಊರಿನ ಕಥೆ ಓದಿ. 2000ದ ಮೇ ತಿಂಗಳಲ್ಲಿ ದೊಡ್ಡ ಮಳೆ ಬಂತು. ಹತ್ತಿರದ ಹೊಲದ ಸಗಣಿ ಗೊಬ್ಬರದಿಂದ ಇ. ಕೋಲಿ ಎಂಬ ರೋಗಾಣು ಆಳ ಕಡಿಮೆಯಿದ್ದ ಒಂದು ಸರಕಾರಿ ಬಾವಿಗೆ ಇಳಿಯಿತು. ಕ್ಲೋರಿನ್ ಕೂಡ ಸರಿಯಾಗಿ ಹಾಕಿರಲಿಲ್ಲ. 7 ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ಆ ರೈತನ ತಪ್ಪಿಲ್ಲ, ಪದ್ಧತಿಯಂತೆಯೇ ಗೊಬ್ಬರ ಹಾಕಿದ್ದ ಎಂದು ವಿಚಾರಣೆಯೇ ಹೇಳಿತು. ಆಮೇಲೆ ಬಣ್ಣ ಬಿಟ್ಟು ನೋಡಿದರೆ ಕಂಪ್ಯೂಟರ್ ಮಾದರಿ ತೋರಿಸಿದ್ದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ನೀರು ಓಡುತ್ತಿತ್ತು. ತಲೆಕೆಡಿಸಿಕೊಳ್ಳಬೇಕು ದೊಡ್ಡಕೊಡ ಅವರೇ. ನಲವತ್ತು ಮನೆಯ ಮಕ್ಕಳು ಕುಡಿಯುವ ನೀರು.

ದೊಡ್ಡಕೊಡ
ಸರಿ. ಅಷ್ಟು ಗೊತ್ತಿರಲಿಲ್ಲ.

ಮಳೆಕೊಯ್ಲು
ಎಲ್ಲ ಬರೀ ಹೆದರಿಸುವ ಕಥೆಗಳೇ ಆಯಿತು. ಕಾರ್ಸ್ಟ್ ನೀರನ್ನು ಚೆನ್ನಾಗಿ ನಡೆಸಿಕೊಂಡು ಹೋದ ಒಂದು ಊರೂ ಇಲ್ಲವಾ?

ಮೋಡಮುಸುಕು
ಯಾಕಿಲ್ಲ! ವಿಯೆನ್ನಾ. 1873ರಲ್ಲಿ ಆಲ್ಪ್ಸ್ ಬೆಟ್ಟದ ಕಾರ್ಸ್ಟ್ ಒರತೆಗಳಿಂದ ಮೊದಲ ಕಾಲುವೆ ತಂದರು, 1910ರಲ್ಲಿ ಎರಡನೆಯದು. ಇವತ್ತಿಗೂ ಆ ಮಹಾನಗರ ಕುಡಿಯುವುದು ಹೆಚ್ಚಾಗಿ ಅದೇ ನೀರು. ಒರತೆಯ ಸುತ್ತ ಬೇಲಿ ಹಾಕಿ ಸುಮ್ಮನಾಗಲಿಲ್ಲ. ನೀರು ಬೀಳುವ ಇಡೀ ಬೆಟ್ಟದ ಕಾಡನ್ನೇ ಕಾಯುತ್ತಾರೆ. ಅಲ್ಲಿ ಕಾಡಿನ ಮೊದಲ ಬೆಳೆ ಮರವಲ್ಲ, ನೀರು.

ಹನಿಹನಿ
ಪ್ರಮಾಣಕ್ಕೆ ಟೆಕ್ಸಸ್‌ನ ಎಡ್ವರ್ಡ್ಸ್ ಅಂತರ್ಜಲ ನೋಡಿ. ಅಲ್ಲಿ ಜೆ-17 ಅಂತ ಒಂದು ಬಾವಿ ಇದೆ, ಅದರ ಮಟ್ಟ ದಿನಾ ಎಲ್ಲರಿಗೂ ಗೊತ್ತಾಗುತ್ತದೆ. ಹತ್ತು ದಿನದ ಸರಾಸರಿ, ಸಮುದ್ರಮಟ್ಟಕ್ಕಿಂತ 660 ಅಡಿ ಮೇಲಿರುವ ಗುರುತಿಗಿಂತ ಕೆಳಗಾದರೆ ಆ ಭಾಗದಲ್ಲಿ ಪರವಾನಗಿ ಇರುವವರು ನೀರು ಎತ್ತುವುದನ್ನು ಕಡಿತ ಮಾಡಬೇಕು. ಇನ್ನೂ ಇಳಿದರೆ ಕಡಿತ ಇನ್ನೂ ಜಾಸ್ತಿ. ಇದು ಸುಲಭವಾಗಿ ಬಂದದ್ದಲ್ಲ. 1956ರಲ್ಲಿ ಅದೇ ಅಂತರ್ಜಲದಿಂದ ಚಿಮ್ಮುವ ಕೋಮಾಲ್ ಬುಗ್ಗೆಗಳು ತಿಂಗಳುಗಟ್ಟಲೆ ಪೂರ್ತಿ ನಿಂತುಹೋಗಿದ್ದವು. ಮುಂದೆ ಆ ಬುಗ್ಗೆಗಳಲ್ಲಿ ಮಾತ್ರ ಬದುಕುವ ಜೀವಿಗಳ ಪರವಾಗಿ ಮೊಕದ್ದಮೆ ನಡೆದು, 1993ರಲ್ಲಿ ಕಾನೂನು ಮಾಡಿ ನೀರು ಎತ್ತುವುದಕ್ಕೆ ಮಿತಿ ಹಾಕುವ ಪ್ರಾಧಿಕಾರ ತಂದರು. ಒಂದು ಕುರುಡು ಸಾಲಮಾಂಡರ್ (ಹಲ್ಲಿಯ ಹಾಗೆ ಕಾಣುವ ಉಭಯಚರ) ಕೂಡ ಅಲ್ಲಿದೆ, ಬಿಳೀ ಮೈ, ಕಣ್ಣಿನ ಜಾಗದಲ್ಲಿ ಚರ್ಮದ ಕೆಳಗೆ ಎರಡು ಕಪ್ಪು ಚುಕ್ಕೆ ಅಷ್ಟೇ.

ಸುಣ್ಣದಗೂಡು
ಕತ್ತಲಲ್ಲಿ ಅದು ತಿನ್ನುವುದು ಏನನ್ನು?

ಗುಹೆದಾರಿ
ಸಣ್ಣ ಸೀಗಡಿ, ಬಸವನಹುಳುವಿನಂಥವು. ಅವುಗಳಿಗೆ ಆಹಾರ ಹೆಚ್ಚಾಗಿ ಮೇಲಿನಿಂದ ನೀರಿನ ಜೊತೆ ಬರುವ ಎಲೆಚೂರು, ಕೊಳೆತ ಪದಾರ್ಥ. ಹಾಗಾಗಿ ಮೇಲೆ ನಾವು ಏನು ಬಿಡುತ್ತೇವೋ ಅದನ್ನೇ ಅವು ತಿನ್ನಬೇಕು. ಕೆಂಟಕಿಯಲ್ಲಿ ಹಿಡನ್ ರಿವರ್ ಗುಹೆ ಅಂತಿದೆ. ಊರಿನ ಕೊಳಚೆಯಿಂದ ದಶಕಗಟ್ಟಲೆ ಗಬ್ಬು ನಾರುತ್ತಿತ್ತು, ಪ್ರವಾಸಿಗರಿಗೆ ಮುಚ್ಚಿಯೇ ಬಿಟ್ಟಿದ್ದರು. 1989ರಲ್ಲಿ ಹೊಸ ಕೊಳಚೆ ಶುದ್ಧೀಕರಣ ಘಟಕ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಗುಹೆಯ ಕುರುಡು ಮೀನುಗಳು ವಾಪಸ್ ಬಂದವು. ಸುರಂಗದಲ್ಲಿ ಕೊಳೆ ಬೇಗ ಬರುತ್ತದೆ, ಮೇಲೆ ನಿಲ್ಲಿಸಿದರೆ ಎಷ್ಟೋ ಬೇಗ ಹೋಗಲೂ ಹೋಗುತ್ತದೆ.

ಮಳೆಕೊಯ್ಲು
ಈ ಮಾತು ಇಷ್ಟವಾಯಿತು. ಪೈಪಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಹಾಗಾದರೆ ಗುಂಡಿಯನ್ನು ಮುಚ್ಚಿಬಿಡುವುದೇ ಒಳ್ಳೆಯದಾ?

ಗುಹೆದಾರಿ
ಬೇಡ. ಮಣ್ಣು ಕಾಂಕ್ರೀಟ್ ತುಂಬಿ ಬಿಗಿದರೆ ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ಮಾಡಿಕೊಳ್ಳುತ್ತದೆ, ಅಥವಾ ಮೇಲೆ ನಿಂತು ಹೊಲ ಮುಳುಗಿಸುತ್ತದೆ. ಕಸ ಪೂರ್ತಿ ತೆಗೆಯಿರಿ, ಕೈಯಲ್ಲೇ. ಜೆಸಿಬಿ ಅಂಚಿಗೆ ತರಬೇಡಿ, ಕೆಳಗೆ ಟೊಳ್ಳಿದ್ದರೆ ಯಂತ್ರದ ಸಮೇತ ಇಳಿದೀತು. ಸುತ್ತ ಅಗಲವಾಗಿ ಹುಲ್ಲು, ಪೊದೆ ಬೆಳೆಸಿ, ಉಳುಮೆ ಗೊಬ್ಬರ ದೂರವಿಡಿ. ಎಲ್ಲಾದರೂ ಹೊಸದಾಗಿ ಕುಸಿದು ಮುಚ್ಚಲೇಬೇಕಾದರೆ ತಳಕ್ಕೆ ದೊಡ್ಡ ಬಂಡೆ, ಅದರ ಮೇಲೆ ಸಣ್ಣ ಕಲ್ಲು, ಆಮೇಲೆ ಜಲ್ಲಿ, ಸೋಸುವ ಬಟ್ಟೆ, ಕೊನೆಗೆ ಮಣ್ಣು. ನೀರು ಇಳಿಯಬೇಕು, ಮಣ್ಣು ಇಳಿಯಬಾರದು.

ಒರತೆಬದಿ
ಒಂದು ತಿಂಗಳಾಯಿತು, ಹೇಳಬೇಕಾದದ್ದಿದೆ.

ಮೀಟರ್ ತಂದೆವು. ಮಳೆ ಇಲ್ಲದ ದಿನ ಒರತೆಯಲ್ಲಿ ವಾಹಕತೆ 540 ಮೈಕ್ರೋಸೀಮೆನ್ಸ್ ಇತ್ತು. ಹೋದ ಗುರುವಾರ ಸಂಜೆ ಆರಕ್ಕೆ ಜೋರು ಮಳೆ. ನಾನೂ ಪಕ್ಕದ ಮನೆ ಹುಡುಗಿಯೂ ಟಾರ್ಚ್ ಹಿಡಿದು ಒರತೆ ಹತ್ತಿರ ಕೂತೆವು. ರಾತ್ರಿ ಎಂಟಕ್ಕೆ ಹರಿವು ಏರಿತು, ಮೀಟರ್ 540ರಲ್ಲೇ ನಿಂತಿತ್ತು. ಹನ್ನೊಂದರ ತನಕವೂ ಹಾಗೇ. ಒಂದೂವರೆಗೆ 470, ಮೂರಕ್ಕೆ 310. ಅದೇ ಹೊತ್ತಿಗೆ ನೀರು ಚಹಾ ಬಣ್ಣ. ಹುಡುಗಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಳು. ಆ ಪುಟವನ್ನೇ ಸಮಿತಿಯ ಮುಂದೆ ಇಟ್ಟೆವು. ಪೈಪ್ ಕೆಲಸ ಸದ್ಯಕ್ಕೆ ನಿಲ್ಲಿಸಿದ್ದಾರೆ. ವಾಹಕತೆ ಬಿದ್ದ ತಕ್ಷಣ ಟ್ಯಾಂಕಿಗೆ ಹೋಗುವ ವಾಲ್ವ್ ಮುಚ್ಚುವುದು, ತಿಳಿಯಾಗುವ ತನಕ ಟ್ಯಾಂಕಿನ ಹಳೇ ನೀರನ್ನೇ ಬಿಡುವುದು ಎಂದು ತೀರ್ಮಾನವಾಗಿದೆ. ಗುಂಡಿಯಿಂದ ಇದುವರೆಗೆ ಹನ್ನೊಂದು ಟ್ರ್ಯಾಕ್ಟರ್ ಕಸ ತೆಗೆದಿದ್ದೇವೆ.

ಬಣ್ಣದ ಪರೀಕ್ಷೆಗೆ ಗೊತ್ತಿರುವವರು ಮುಂದಿನ ತಿಂಗಳು ಬರುತ್ತಾರೆ. ನಮ್ಮದೂ ಸೇರಿ ಮೂರು ಒರತೆಯಲ್ಲೂ ಮೊದಲ ಸುತ್ತಿನ ಪೊಟ್ಟಣ ಇಳಿಸಿದ್ದೇವೆ. ತಿಳಿನೀರು ಅವರೇ, ಅವನ್ನು ಎಷ್ಟು ದಿನ ಬಿಡಬೇಕು?

ತಿಳಿನೀರು
ಒಂದು ವಾರ ಬಿಡಿ. ತೆಗೆದ ಮೇಲೆ ಒರತೆ ನೀರಿನಲ್ಲೇ ತೊಳೆದು, ಬೇರೆ ಬೇರೆ ಚೀಲದಲ್ಲಿ ಹಾಕಿ, ಜಾಗ ಮತ್ತು ದಿನ ಪೆನ್ಸಿಲ್‌ನಲ್ಲಿ ಬರೆಯಿರಿ. ಕೆಲವು ಮಾರ್ಕರ್ ಇಂಕು ಕೂಡ ಹೊಳೆಯುತ್ತದೆ. ಬಿಸಿಲಿಗೆ ಇಡಬೇಡಿ, ಫ್ಲೋರೆಸೀನ್ ಬಿಸಿಲಿಗೆ ಹಾಳಾಗುತ್ತದೆ. ಆ ಹುಡುಗಿಯ ನೋಟ್‌ಬುಕ್ ಪುಟದ ಫೋಟೋ ಇಲ್ಲಿ ಹಾಕಿ, ನೋಡಬೇಕು.